ನಲವತ್ತೊಂದು ಮನೆಗಳ ಒಂದೇ ಪಾಸ್‌ವರ್ಡ್

ಮಲ್ಲಿಕಾ ಫೋನ್ ಮಾಡಿದಾಗ ಹುಲಗಪ್ಪ ಕಲ್ಮಲದ ಒಂದು ಗೊಬ್ಬರದಂಗಡಿಯ ಮುಂದೆ ಏಣಿಯ ಮೇಲೆ ನಿಂತಿದ್ದ. ಏಪ್ರಿಲ್ ತಿಂಗಳ ಮಧ್ಯಾಹ್ನ. ಡ್ರಿಲ್ಲು ಕೊರೆದ ತೂತಿನಿಂದ ಬಿಸಿ ಧೂಳು ಅವನ ಮುಖದ ಮೇಲೆ ಉದುರುತ್ತಿತ್ತು.

"ಏನ್ರಿ, ಮನ್ಯಾಗಿನ ಕ್ಯಾಮೆರಾ ನೀವು ತಿರುಗಿಸಾಕತ್ತೀರೇನು?"

"ಯಾಕ?"

"ಕೂಸಿಗೆ ಹಾಲು ಕುಡಿಸಾಕತ್ತಿದ್ದೆ. ಅದು ಕರ್ರ್ ಅಂತ ನನ್ನ ಕಡಿ ತಿರುಗ್ತು. ಎದ್ದು ಅಡಿಗಿಮನಿಗೆ ಹೋದ್ರ ಬಾಗಿಲತನಾ ಹಿಂದಿಂದನ ಬಂತು. ನೀವೇ ಹೌದಲ್ಲ?"

ಹುಲಗಪ್ಪನ ಒಂದು ಕೈಯಲ್ಲಿ ಡ್ರಿಲ್ಲಿತ್ತು, ಇನ್ನೊಂದು ಕೈಯಲ್ಲಿ ಅವಳ ಫೋನು ಬಂದ ಮೊಬೈಲು. ಬೆಳಗಿನಿಂದ ಅವನು ಮನೆಯ ಕ್ಯಾಮೆರಾ ತೆರೆದೇ ಇರಲಿಲ್ಲ.

"ಹೂಂ, ನಾನೇ. ಚೆಕ್ ಮಾಡಾಕತ್ತಿದ್ದೆ."

"ಇನ್ನೊಮ್ಮೆ ಹೇಳಿ ಮಾಡ್ರಿ. ಎದಿ ಧಸಕ್ ಅಂತು."

ಅವಳು ಫೋನಿಟ್ಟಳು. ಹುಲಗಪ್ಪ ಏಣಿಯಿಂದ ಇಳಿದು, ಅಂಗಡಿಯ ನೆರಳಿನಲ್ಲಿ ಗೊಬ್ಬರದ ಚೀಲದ ಮೇಲೆ ಕುಳಿತು, ಮೊಬೈಲಿನಲ್ಲಿ ಮನೆಯ ಚಿತ್ರ ತೆರೆದ. ಅಡಿಗೆಮನೆಯ ಬಾಗಿಲು ಕಾಣುತ್ತಿತ್ತು. ಮಲ್ಲಿಕಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊರಬಂದಳು, ತೊಟ್ಟಿಲ ಕಡೆ ನಡೆದಳು. ಅವನ ಬೆರಳು ಪರದೆಯನ್ನು ಮುಟ್ಟಿರಲಿಲ್ಲ. ಆದರೂ ಚಿತ್ರ ಮೆಲ್ಲಗೆ ಜರುಗಿತು. ಅವಳ ಹಿಂದೆಯೇ ಹೋಗಿ, ತೊಟ್ಟಿಲ ಹತ್ತಿರ ನಿಂತಿತು. ಅವನು ನೋಡುತ್ತಿದ್ದುದನ್ನೇ ಬೇರೆ ಯಾರೋ, ಎಲ್ಲಿಯೋ ಕುಳಿತು, ಅದೇ ಹೊತ್ತಿನಲ್ಲಿ ನೋಡುತ್ತಿದ್ದರು.

ಅವನು ಮತ್ತೆ ಫೋನ್ ಮಾಡಿ, ಆದಷ್ಟು ಸಾದಾ ದನಿಯಲ್ಲಿ, "ಅದರ ಪ್ಲಗ್ ತೆಗಿ. ವೈರ್ ಕಾದಿರತದ," ಎಂದ. ಮಲ್ಲಿಕಾ ಕ್ಯಾಮೆರಾದ ಕಡೆಗೇ ನಡೆದು ಬಂದಳು. ಅವಳ ಮುಖ ಪರದೆ ತುಂಬ ಕಂಡಿತು. ಆಮೇಲೆ ಕಪ್ಪಾಯಿತು. ಅಂಗಡಿಯ ಮಾಲೀಕ ನೀರಿನ ಬಾಟಲಿ ಕೊಟ್ಟು, "ಬಿಸಲು ತಗಲೇತೇನು ಹುಲಗಪ್ಪ? ಮುಖ ನೋಡು ಹೆಂಗಾಗೇದ," ಎಂದ. ಹುಲಗಪ್ಪ ಹೌದೆಂದ.

ಹುಲಗಪ್ಪನಿಗೆ ಮೂವತ್ತೆರಡು ವರ್ಷ. ಊರು ದೇವದುರ್ಗದ ಹತ್ತಿರ. ತಂದೆ ಪಕೀರಪ್ಪ ಗೌಂಡಿಗಳ ಕೈಕೆಳಗೆ ಕಲ್ಲು, ಇಟ್ಟಂಗಿ ಹೊತ್ತವನು. ಕಟ್ಟುವಷ್ಟು ದಿನ ಮನೆಯ ಮೂಲೆ ಮೂಲೆಯೂ ಅವನಿಗೆ ಗೊತ್ತಿರುತ್ತಿತ್ತು. ಗೃಹಪ್ರವೇಶವಾದ ಮೇಲೆ ಕಟ್ಟೆ ದಾಟಿ ಒಳಗೆ ಹೋಗುವ ಪ್ರಸಂಗ ಬರುತ್ತಿರಲಿಲ್ಲ. ಮಗ ರಾಯಚೂರಿನಲ್ಲಿ ಐಟಿಐ ಮುಗಿಸಿದ, ಕೆಲವು ವರ್ಷ ಕೇಬಲ್ ಟಿವಿಯವರ ಹತ್ತಿರ ವೈರು ಎಳೆದ, ಆಮೇಲೆ ಸಿಸಿ ಕ್ಯಾಮೆರಾ ಹಾಕುವ ಕೆಲಸ ಹಿಡಿದ. ರಾಯಚೂರು, ಮಾನ್ವಿ, ದೇವದುರ್ಗದಲ್ಲಿ ಜನ ಅವನನ್ನು ಹೆಸರು ಹಿಡಿದು ಕರೆಸುತ್ತಿದ್ದರು. ಏಣಿ ಹೆಗಲಿಗೇರಿಸಿ ನಡುಮನೆಗೂ ಹೋಗುತ್ತಿದ್ದ, ಮಹಡಿಗೂ ಹೋಗುತ್ತಿದ್ದ. ಬೀರು ಇರುವ ಕೋಣೆಯನ್ನು ತಾವಾಗಿಯೇ ತೆರೆದು ತೋರಿಸಿ, "ಇಲ್ಲೊಂದು ಹಾಕಪಾ" ಎನ್ನುತ್ತಿದ್ದರು. ಆ ನಂಬಿಕೆ ಅವನಿಗೆ ಕೂಲಿಗಿಂತ ದೊಡ್ಡದಾಗಿತ್ತು.

ಜನಕ್ಕೆ ಹೊಲದಲ್ಲಿದ್ದರೂ, ಬಸ್ಸಿನಲ್ಲಿದ್ದರೂ ಮೊಬೈಲಿನಲ್ಲಿ ಮನೆ ಕಾಣಬೇಕಿತ್ತು. ಅದಕ್ಕಾಗಿ ಹುಲಗಪ್ಪ ಪ್ರತಿ ಮನೆಯ ರೂಟರಿನಲ್ಲಿ ಹೊರಗಿನಿಂದ ಒಳಗೆ ಬರಲು ಒಂದು ದಾರಿ ತೆರೆಯುತ್ತಿದ್ದ. ದಾರಿಯ ನಂಬರು ಎಲ್ಲ ಕಡೆ ಒಂದೇ. ಪಾಸ್‌ವರ್ಡೂ ಒಂದೇ: ಅವನ ಹೆಸರು, ಮುಂದೆ ಹುಟ್ಟಿದ ಇಸವಿ. ಗಿರಾಕಿಗಳು ಪಾಸ್‌ವರ್ಡ್ ಮರೆತು ಫೋನ್ ಮಾಡುತ್ತಾರೆ, ಒಂದೇ ಇದ್ದರೆ ಅವನಿಗೆ ನೆನಪಿರುತ್ತದೆ. ಆರು ವರ್ಷದಲ್ಲಿ ಇದರಿಂದ ಏನೂ ಆಗಿರಲಿಲ್ಲ. ಆಗಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ ಎಂಬುದು ಗೊಬ್ಬರದ ಚೀಲದ ಮೇಲೆ ಕುಳಿತಾಗ ಮೊದಲ ಸಲ ಹೊಳೆಯಿತು.

ಮರುದಿನ ಬೆಳಿಗ್ಗೆ ಅವನು ಜವಾಹರನಗರದ ಪ್ರಹ್ಲಾದರ ಮನೆಗೆ ಹೋದ. ಪ್ರಹ್ಲಾದರು ಟೆಲಿಫೋನ್ ಇಲಾಖೆಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು. ಎರಡು ವರ್ಷದ ಹಿಂದೆ ಅವರ ಗೇಟಿಗೆ ಕ್ಯಾಮೆರಾ ಹಾಕಿದಾಗ, ರೂಟರಿನಲ್ಲಿ ದಾರಿ ತೆರೆಯಲು ಅವರು ಬಿಟ್ಟಿರಲಿಲ್ಲ. ಮೆಟ್ಟಿಲ ಕೆಳಗೆ ಗುಂಯ್‌ಗುಡುತ್ತಿದ್ದ ಒಂದು ಹಳೆಯ ಕಂಪ್ಯೂಟರ್ ತೋರಿಸಿ, ಇದು ಫೈರ್‌ವಾಲ್, ಇದನ್ನು ಕೇಳದೆ ಯಾವುದೂ ಒಳಗೆ ಬರುವುದಿಲ್ಲ, ಹೊರಗೆ ಹೋಗುವುದಿಲ್ಲ, ತಂತ್ರಾಂಶ ಓಪನ್ ಸೋರ್ಸ್, ಯಾರು ಬೇಕಾದರೂ ಹಾಕಿಕೊಳ್ಳಬಹುದು, ಒಳಗೇನಿದೆ ಎಂದು ತೆರೆದು ನೋಡಬಹುದು ಎಂದಿದ್ದರು. ವಯಸ್ಸಾದವರ ಸಂಶಯ ಎಂದು ಹುಲಗಪ್ಪ ಒಳಗೊಳಗೇ ನಕ್ಕಿದ್ದ.

ಈಗ ಅವರು ಸಂಧ್ಯಾವಂದನೆ ಮುಗಿಸಿ, ಹೆಗಲ ಮೇಲೆ ಪಂಚೆ ಹೊದ್ದು ಪಡಸಾಲೆಗೆ ಬಂದರು. ಅವನು ನಡೆದದ್ದನ್ನು ಹೇಳಿದ.

"ಯಾವ ಪಾಸ್‌ವರ್ಡ್ ಹಾಕಿದ್ದಿ?"

"ಎಲ್ಲಾ ಮನಿಗೂ ಹಾಕಿದ್ದೇ, ಸರ."

"ಎಲ್ಲಾ ಮನಿ ಅಂದ್ರ?"

"ನಲವತ್ತೊಂದು ಮನಿ."

ಪ್ರಹ್ಲಾದರು ತೂಗುಮಂಚದ ಮೇಲೆ ಕುಳಿತರು.

"ನಿನ್ನ ಮನೀದು ಆಮ್ಯಾಲೆ ನೋಡೋಣು," ಎಂದರು. "ಮದಲ ಎಲ್ಲಾರಿಗೂ ಫೋನ್ ಹಚ್ಚು. ಕ್ಯಾಮೆರಾದ ಪೆಟ್ಟಿಗಿ ಬಂದ್ ಮಾಡ್ರಿ ಅಂತ ಹೇಳು. ಈಗ, ಇಲ್ಲೇ ಕೂತು."

"ಯಾಕ ಅಂತ ಕೇಳಿದ್ರ ಏನ್ ಹೇಳಲಿ ಸರ?"

"ಖರೇ ಏನದ ಅದನ್ನ ಹೇಳು."

ಹುಲಗಪ್ಪನಿಗೆ ಅದು ಆಗಲಿಲ್ಲ. ಮೊದಲ ಫೋನಿನಲ್ಲೇ ಅವನ ಬಾಯಿಯಿಂದ ಬೇರೆ ಮಾತು ಬಂತು: ಕಂಪನಿಯವರು ಹೊಸ ಸೆಟ್ಟಿಂಗ್ ಹಾಕುತ್ತಿದ್ದಾರೆ, ನಾನು ಬರುವ ತನಕ ಪೆಟ್ಟಿಗೆ ಬಂದ್ ಇಡಿ. ಪ್ರಹ್ಲಾದರು ಕೇಳಿಸಿಕೊಂಡರು, ತಡೆಯಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ನಲವತ್ತೊಂದು ಮನೆಗಳಲ್ಲೂ ಕ್ಯಾಮೆರಾಗಳು ಕಣ್ಣು ಮುಚ್ಚಿದ್ದವು. ಒಬ್ಬರೂ ಸಂಶಯಪಡಲಿಲ್ಲ. ಅಷ್ಟು ಸುಲಭವಾಗಿ ನಂಬಿದ್ದೇ ಅವನಿಗೆ ಇನ್ನಷ್ಟು ಹೆದರಿಕೆ ತಂದಿತು.

ಆ ವಾರ ಅವನು ಗಂಜ್ ಮಾರುಕಟ್ಟೆಯಲ್ಲಿ ಮುಚ್ಚಿಹೋದ ಒಂದು ಆಫೀಸಿನ ಹಳೆಯ ಕಂಪ್ಯೂಟರನ್ನು ತನ್ನ ಮನೆಗೆ ತಂದ. ಹಿಂಭಾಗದಲ್ಲಿ ಕೇಬಲ್ ಸಿಕ್ಕಿಸುವ ಬಾಯಿ ಒಂದೇ ಇತ್ತು. ಪ್ರಹ್ಲಾದರು ಅಲ್ಲಿಗೇ ಬಂದು, ತಮ್ಮ ಹತ್ತಿರವಿದ್ದ ಎರಡು ನೆಟ್‌ವರ್ಕ್ ಕಾರ್ಡ್ ಕೊಟ್ಟರು. ಈಗ ಮೂರು ಬಾಯಿ: ಒಂದು ಹೊರಗಿನಿಂದ ಬರುವ ಫೈಬರ್ ಲೈನಿಗೆ, ಒಂದು ಮನೆಯ ವೈಫೈಗೆ, ಮೂರನೆಯದು ಕ್ಯಾಮೆರಾಕ್ಕೆ ಮಾತ್ರ. ತಂತ್ರಾಂಶವನ್ನು ಪೆನ್‌ಡ್ರೈವಿನಲ್ಲಿ ತುಂಬಿಸಿ, ಹಳೆಯದನ್ನೆಲ್ಲ ಅಳಿಸಿ ಅದನ್ನು ಕೂಡಿಸಲು ಒಂದು ಮಧ್ಯಾಹ್ನ ಹಿಡಿಯಿತು. ಮೊದಲ ಸಲ ಅವನು ಒಳಗಿನ ಕೇಬಲನ್ನು ಹೊರಗಿನ ಬಾಯಿಗೆ ಸಿಕ್ಕಿಸಿದ. ಮನೆಯ ಇಂಟರ್ನೆಟ್ ಪೂರಾ ನಿಂತಿತು. ಎರಡನೆಯ ಸಲ ತಪ್ಪು ನಿಯಮ ಬರೆದು, ತನಗೇ ಒಳಗೆ ಹೋಗಲಾಗದಂತೆ ಬಾಗಿಲು ಹಾಕಿಕೊಂಡ. ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಪ್ರಹ್ಲಾದರು ಸ್ಟೂಲಿನ ಮೇಲೆ ಕುಳಿತು, ಅವಸರ ಮಾಡದೆ, ನಿಯಮಗಳನ್ನು ಒಂದೊಂದಾಗಿ ಹೇಳಿದರು. ಹೊರಗಿನಿಂದ ಬರುವುದೆಲ್ಲ ಬಂದ್. ಮನೆಯವರು ಕೇಳಿದ್ದಕ್ಕೆ ಮಾತ್ರ ಉತ್ತರ ಒಳಗೆ ಬರಲಿ. ಕ್ಯಾಮೆರಾ ಹೊರಗಿನವರ ಜೊತೆ ಮಾತಾಡುವಂತಿಲ್ಲ. ದೂರದಿಂದ ನೋಡಲೇಬೇಕೆಂದರೆ, ಮೊದಲೇ ಕೀಲಿ ಪಡೆದ ಫೋನಿಗೆ ಮಾತ್ರ ಗುಪ್ತ ದಾರಿ.

ಕ್ಯಾಮೆರಾದ ಕಣ್ಣಿಗೆ ಕರಿ ಟೇಪು ಸುತ್ತಿ, ಗೋಡೆಗೆ ಮುಖ ಮಾಡಿ ಇಟ್ಟು, ಪ್ಲಗ್ ಹಾಕಿದರು. ಪ್ರಹ್ಲಾದರು ಫೈರ್‌ವಾಲಿನ ದಾಖಲೆಯ ಪುಟ ತೆರೆದರು. ಯಾವ ಹೊತ್ತಿಗೆ ಯಾರು ಬಂದರು, ಯಾರನ್ನು ತಡೆಯಿತು ಎಂದು ಅದು ತಾನೇ ಬರೆಯುತ್ತ ಹೋಗುತ್ತದೆ.

ಕೆಂಪು ಸಾಲುಗಳು ಬರತೊಡಗಿದವು. ಒಂದರ ಕೆಳಗೆ ಒಂದು, ನಿಲ್ಲದೆ. ಹೊರಗಿನಿಂದ ಬಂದು ಬಡಿದು ಹಿಂದಿರುಗಿದ ಪ್ರತಿಯೊಂದಕ್ಕೂ ಒಂದು ಸಾಲು. ಹುಲಗಪ್ಪ ನಂಬರಿನ ಕಾಲಮ್ಮು ನೋಡಿದ. ಅನೇಕ ಸಾಲುಗಳಲ್ಲಿ ಅವನು ಆರು ವರ್ಷದಿಂದ ಎಲ್ಲ ಮನೆಯಲ್ಲೂ ತೆರೆದಿಟ್ಟ ಅದೇ ನಂಬರು. ನಡುನಡುವೆ ಒಳಗಿನಿಂದಲೂ ಒಂದು ಸಾಲು: ಟೇಪು ಸುತ್ತಿದ ಕ್ಯಾಮೆರಾ ಅರ್ಧ ನಿಮಿಷಕ್ಕೊಮ್ಮೆ ಅವನಿಗೆ ಗೊತ್ತಿಲ್ಲದ ಒಂದು ವಿಳಾಸಕ್ಕೆ ಹೋಗಲು ನೋಡುತ್ತಿತ್ತು.

"ಇವರೆಲ್ಲಾ ನನ್ನ ಮನಿ ಹುಡುಕ್ಕೋತ ಬಂದೋರೇನ್ ಸರ?"

"ಅಲ್ಲಪಾ. ಇವು ಯಂತ್ರ. ಜಗತ್ತಿನ ಎಲ್ಲಾ ಬಾಗಲಾ ಅಲುಗಾಡಿಸಿ ನೋಡತಾವ. ಯಾವುದು ತೆರೀತದೋ ಅದನ್ನ ಬರಕೋತಾವ. ಆಮ್ಯಾಲ ಮನಷ್ಯಾ ಬರ್ತಾನ."

"ಹಿಂದ ಎಷ್ಟು ಮಂದಿ ಬಂದಿದ್ರು ಅಂತ ಇದರಾಗ ಗೊತ್ತಾಗತದೇನು?"

"ಇವತ್ತಿಂದ ಗೊತ್ತಾಗತದ. ಹಿಂದಿಂದು ಗೊತ್ತಾಗಂಗಿಲ್ಲ."

ಮಲ್ಲಿಕಾ ಕೂಸನ್ನು ಸೊಂಟಕ್ಕೆ ಎತ್ತಿಕೊಂಡು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಪ್ರಹ್ಲಾದರು ಹೋದ ಮೇಲೆ ಆ ಪರದೆಯ ಮುಂದೆ ಬಂದು ನಿಂತಳು.

"ಅವತ್ತು ಕ್ಯಾಮೆರಾ ತಿರುಗಿಸಿದ್ದು ನೀವಲ್ಲ."

ಅವನು ಅಲ್ಲವೆಂದು ತಲೆಯಾಡಿಸಿದ.

"ನಾನೇ ಅಂದ್ರಲ್ಲ."

"ನೀ ಹೆದರ್ತಿ ಅಂತ."

"ನೀವು ಅಂತ ತಿಳಕೊಂಡು ನಾನು ಆಮ್ಯಾಲೆ ಸೆರಗು ಸೈತ ಸರಿ ಮಾಡ್ಕೊಳ್ಳಿಲ್ಲ," ಎಂದಳು ಮಲ್ಲಿಕಾ. ಅವಳ ದನಿ ಏರಲಿಲ್ಲ. ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ಕೂಸು ಕೆಂಪು ಸಾಲುಗಳ ಕಡೆ ಕೈ ಚಾಚಿತು. ಅವಳು ಕೈ ಹಿಡಿದು ಹಿಂದೆ ಎಳೆದುಕೊಂಡಳು. "ನನಗೇನೋ ಗೊತ್ತಾತು. ಉಳಿದ ಮನಿ ಹೆಣ್ಮಕ್ಕಳಿಗೆ ಯಾರು ಹೇಳೋರು?"

"ಹೇಳಿದ್ರ ಒಬ್ರೂ ಒಳಗ ಕರಿಯಂಗಿಲ್ಲ ನನ್ನ. ಪೊಲೀಸರಿಗೆ ಕೊಟ್ರ?"

"ಕೊಡ್ಲಿ," ಎಂದು ಅವಳು ಒಳಗೆ ಹೋದಳು.

ಅವನು ಹೊರಟ. ರಾಯಚೂರಿನ ಅಂಗಡಿ, ಗೋದಾಮುಗಳಿಂದ ಶುರು ಮಾಡಿದ. ಅಲ್ಲಿ ಹೇಳುವುದು ಕಷ್ಟವಾಗಲಿಲ್ಲ. ಹತ್ತಿಯ ಗೋದಾಮಿನವರು ಬೈದರು, ಒಬ್ಬರು ಕ್ಯಾಮೆರಾ ಕಿತ್ತಿಸಿದರು, ಉಳಿದವರು ಪಾಸ್‌ವರ್ಡ್ ಬದಲಿಸಿದರಾಯಿತು ಎಂದರು. ಮನೆಗಳಲ್ಲಿ ಹಾಗಿರಲಿಲ್ಲ. ಮಾನ್ವಿಯಲ್ಲಿ ನಿವೃತ್ತ ಶಿಕ್ಷಕಿ ತುಳಸಿಬಾಯಿಯವರ ಮನೆ. ನಡುಮನೆಯ ಕ್ಯಾಮೆರಾದಲ್ಲಿ ಬಚ್ಚಲಿನಿಂದ ದೇವರ ಕೋಣೆಗೆ ಹೋಗುವ ದಾರಿ ಕಾಣುತ್ತಿತ್ತು. ಮಡಿಯುಟ್ಟ ಸೊಸೆ ದಿನಾ ಅಲ್ಲೇ ಹಾದುಹೋಗುತ್ತಿದ್ದಳು. ಹೋದಾಗಲೆಲ್ಲ ತುಳಸಿಬಾಯಿ ಅವನಿಗೆ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟು, ಅವನ ಮಗಳ ಹೆಸರು ಹಿಡಿದು ಕುಶಲ ವಿಚಾರಿಸುತ್ತಿದ್ದರು. ಅವನು ಹೇಳಿ ಮುಗಿಸಿದಾಗ ಅವರು ಕೆಲಸಕ್ಕೆ ಹೋಗಿದ್ದ ಸೊಸೆಯ ಖಾಲಿ ಕೋಣೆಯ ಕಡೆಗೊಮ್ಮೆ ನೋಡಿದರು.

"ಪೂರ್ಣಶ್ರೀಗೆ ನಾ ಹೆಂಗ ಹೇಳ್ಲಿ ಇದನ್ನ?" ಎಂದರು. ಆಮೇಲೆ, "ಇಳಿಸಿಬಿಡು. ಗೋಡೀಗೆ ತೂತು ಉಳದ್ರ ಉಳೀಲಿ." ಅವನು ಇಳಿಸಿದ. ಅವರು ಬಾಗಿಲ ತನಕ ಬಂದು, ಅವನು ಮೆಟ್ಟಿಲು ಇಳಿಯುವ ಮೊದಲೇ ಚಿಲಕ ಹಾಕಿದರು.

ನಲವತ್ತು ಮನೆ ಮುಗಿದು ಒಂದು ಉಳಿಯಿತು. ಪಟ್ಟಿಯಲ್ಲಿ ಅದು ಹನ್ನೆರಡನೆಯದು. ಹುಲಗಪ್ಪ ಮೂರು ಸಲ ದೇವದುರ್ಗಕ್ಕೆ ಹೋಗಿ, ಉಳಿದ ಮನೆಗಳಿಗೆಲ್ಲ ಹೋಗಿ, ಆ ಓಣಿಯ ಬಾಯಲ್ಲಿ ನಿಂತು ತಿರುಗಿ ಬಂದಿದ್ದ. ಅದು ಸರ್ವರಿ ಬೇಗಂ ಅವರ ಮನೆ. ಗಂಡ ತೀರಿದ ಮೇಲೆ ಅವರು ಮನೆಯ ದೊಡ್ಡ ಹಾಲಿನಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ಇಪ್ಪತ್ತು ಹುಡುಗಿಯರು, ಎಲ್ಲ ಜಾತಿಯವರೂ. ಮಷೀನು ಕಳುವಾದೀತೆಂದು ಹದಿನಾಲ್ಕು ತಿಂಗಳ ಹಿಂದೆ ಹಾಲಿಗೊಂದು ಕ್ಯಾಮೆರಾ ಹಾಕಿಸಿದ್ದರು. ಹಾಲಿನ ಮೂಲೆಯಲ್ಲಿ ಒಂದು ಹೂವಿನ ಪರದೆ. ಹೊಲಿದ ರವಿಕೆ, ಚೂಡಿದಾರ ಸರಿಯಾಗಿದೆಯೇ ಎಂದು ಹುಡುಗಿಯರು ಅದರ ಹಿಂದೆ ತೊಟ್ಟು ನೋಡುತ್ತಿದ್ದರು. ಹುಲಗಪ್ಪ ಕ್ಯಾಮೆರಾವನ್ನು ಎತ್ತರದಲ್ಲಿ ಕೂಡಿಸಿದ್ದ. ಪರದೆ ಅಷ್ಟು ಎತ್ತರವಿರಲಿಲ್ಲ.

ಜೂನ್ ತಿಂಗಳ ಮೊದಲ ವಾರ ಅವನು ಒಳಗೆ ಹೋದ. ಮಷೀನುಗಳ ಸಪ್ಪಳ ನಡೆದಿತ್ತು. ಅವನ ಮುಖ ನೋಡಿದ ಸರ್ವರಿ ಬೇಗಂ ಹುಡುಗಿಯರನ್ನು ಊಟಕ್ಕೆ ಹಿತ್ತಲಿಗೆ ಕಳಿಸಿದರು. ನಿಂತೇ ಕೇಳಿದರು. ಅವನು ಈ ಸಲ ಏನನ್ನೂ ಮರೆಮಾಚಲಿಲ್ಲ.

"ಯಾರು ನೋಡ್ಯಾರ?"

"ಗೊತ್ತಿಲ್ಲ ಆಪಾ."

"ಎಷ್ಟು ದಿನ?"

"ಪೆಟ್ಟಿಗಿ ಬಂದ್ ಮಾಡಸೋತನಾ, ಒಂದು ವರ್ಷ ಬಾಗಿಲಾ ತೆರದಿತ್ತು. ಯಾರರೆ ಬಂದಿದ್ರೋ ಇಲ್ಲೋ, ಅದೂ ಗೊತ್ತಿಲ್ಲ."

ಅವರು ಕತ್ತರಿಸುವ ಮೇಜಿನ ಅಂಚು ಹಿಡಿದರು. ತಲೆ ಎತ್ತಿ ಕ್ಯಾಮೆರಾ ನೋಡಿದರು, ಪರದೆ ನೋಡಿದರು, ಮತ್ತೆ ಅವನನ್ನು ನೋಡಿದರು.

"ನೀನು ನೋಡೀಯೇನು?"

ಹುಲಗಪ್ಪ ಆ ಪ್ರಶ್ನೆಗೆ ತಯಾರಾಗಿ ಬಂದಿರಲಿಲ್ಲ. ಎರಡು ತಿಂಗಳಿಂದ ಅವನು ಹೆದರಿದ್ದು ಹೊರಗಿನವರಿಗೆ. ಕೀಲಿ ತನ್ನ ಹತ್ತಿರವೂ ಇತ್ತೆಂದು, ಈ ಹಾಲಿನೊಳಗೆ ಕೇಳದೆ ಬರಬಹುದಾಗಿದ್ದವರಲ್ಲಿ ತಾನೇ ಮೊದಲಿನವನೆಂದು ಅವನು ಯೋಚಿಸಿಯೇ ಇರಲಿಲ್ಲ.

"ಎರಡು ಸಲ ತೆರದೀನಿ ಆಪಾ. ಚಿತ್ರ ಬರಾಕತ್ತದೋ ಇಲ್ಲೋ ಅಂತ ನೋಡಾಕ. ರಾಯಚೂರಿಂದನ."

"ನನ್ನ ಕೇಳಿದ್ದೇನು?"

"ಇಲ್ಲ."

"ಆವಾಗ ಇಲ್ಲಿ ಹುಡುಗ್ಯಾರು ಇದ್ರೇನು?"

"ಒಂದ್ಸಲ ಇದ್ರು. ಹೊಲಿಯಾಕತ್ತಿದ್ರು. ಲಗೂನ ಬಂದ್ ಮಾಡೀನಿ."

ಅದು ನಿಜವಾಗಿತ್ತು. ಆದರೆ ಆಡಿದ ಮೇಲೆ ಅವನ ಕಿವಿಗೇ ಸುಳ್ಳಿನಂತೆ ಕೇಳಿಸಿತು. ಈ ಹೆಂಗಸು ಈಗ ಹೊರಗೆ ಹೋಗಿ ಒಂದು ಮಾತು ಕೂಗಿ ಹೇಳಿದರೆ ಓಣಿಯ ಜನ ಸೇರುತ್ತಾರೆ, ಆಮೇಲೆ ತನ್ನ ಮಾತು ಯಾರೂ ಕೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಬಾಗಿಲಿಗೆ ನಾಲ್ಕು ಹೆಜ್ಜೆ. ಓಡಬಹುದಿತ್ತು.

ಸರ್ವರಿ ಬೇಗಂ ಕೂಗಲಿಲ್ಲ. "ಅದನ್ನ ಇಳಸು. ಇಳಿಸಿ ಹೊರಗ ಕಟ್ಟಿ ಮ್ಯಾಲ ಕುಂದ್ರು," ಎಂದರು. "ನಾಕಕ್ಕ ಹುಡುಗ್ಯಾರ ತಾಯಂದಿರು ಬರ್ತಾರ. ನಾ ಹೇಳ್ತೀನಿ. ಅವರು ಕೇಳಿದ್ದಕ್ಕ ನೀ ಜವಾಬು ಕೊಡು."

ಆಗ ಒಂದೂವರೆ ಗಂಟೆ. ಹುಲಗಪ್ಪ ಕಟ್ಟೆಯ ಮೇಲೆ ಕುಳಿತ. ಕ್ಯಾಮೆರಾ ಚೀಲದಲ್ಲಿತ್ತು. ಒಳಗೆ ಮಷೀನುಗಳು ಮತ್ತೆ ಶುರುವಾದವು. ಒಂದೊಂದಾಗಿ ನಿಂತವು. ಅವರು ಹುಡುಗಿಯರಿಗೆ ಹೇಳಿದ್ದಾರೆಂದು ಅವನಿಗೆ ತಿಳಿಯಿತು. ಯಾರೋ ಅಳುವುದು ಕೇಳಿಸಿತು. ಒಂದು ಕೈಗೆ ಮೌಲಾಲಿ ದೇವರ ಹರಕೆಯ ದಾರ ಕಟ್ಟಿಕೊಂಡಿದ್ದ. ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡ. ಮಲ್ಲಿಕಾಳಿಗೆ ಫೋನ್ ಮಾಡಬೇಕೆನಿಸಿತು. ಮಾಡಿದರೆ ಎದ್ದು ಹೋಗಿಬಿಡುತ್ತೇನೆಂದು ಮಾಡಲಿಲ್ಲ.

ನಾಲ್ಕು ಗಂಟೆಗೆ ತಾಯಂದಿರು ಬಂದರು, ಹನ್ನೊಂದು ಜನ. ನಾಗವೇಣಿ ಎಂಬಾಕೆ ಹೊಲದಿಂದ ನೇರ ಬಂದಿದ್ದಳು. ವಿಷಯ ಕೇಳಿದ ಕೂಡಲೇ ಹೊರಗೆ ಬಂದು ಅವನ ಕೆನ್ನೆಗೆ ಹೊಡೆದಳು. ಅವನು ಕೈ ಎತ್ತಲಿಲ್ಲ. ಇನ್ನೊಬ್ಬಳು ಏನೂ ಕೇಳದೆ ಮಗಳ ರಟ್ಟೆ ಹಿಡಿದು ಕರೆದುಕೊಂಡು ಹೋದಳು. ಉಳಿದವರು ಕೇಳಿದರು. ಕೇಳಿದ್ದನ್ನೇ ಕೇಳಿದರು. ನನ್ನ ಮಗಳ ಫೋಟೋ ಎಲ್ಲಾದರೂ ಇದೆಯೇ? ಯಾರ ಮೊಬೈಲಿನಲ್ಲಾದರೂ ಬರುತ್ತದೆಯೇ? ಲಗ್ನದ ಹೊತ್ತಿಗೆ ಬಂದರೆ ಏನು ಮಾಡುವುದು? ಪ್ರತಿಯೊಂದಕ್ಕೂ ಹುಲಗಪ್ಪನ ಹತ್ತಿರ ಇದ್ದ ಉತ್ತರ ಒಂದೇ, ಗೊತ್ತಿಲ್ಲ ಎಂಬುದು. ಅದನ್ನು ಹೇಳಿ ಹೇಳಿ ಅವನ ದನಿ ಬಿದ್ದುಹೋಯಿತು.

ಎರಡು ದಿನದ ನಂತರ ಸರ್ವರಿ ಬೇಗಂ ರಾಯಚೂರಿಗೆ ಬಂದರು. ಅವನನ್ನು ಕರೆದುಕೊಂಡು ಪೊಲೀಸರಲ್ಲಿಗೆ ಹೋದರು. ದೂರನ್ನು ಅವನೇ ಬರೆದ. ಯಾವ ನಂಬರು, ಯಾವ ಪಾಸ್‌ವರ್ಡ್, ಎಷ್ಟು ಮನೆ, ಎಲ್ಲ ತನ್ನ ಕೈಯಾರೆ ಬರೆದು ಸಹಿ ಮಾಡಿದ. ತನ್ನನ್ನು ಒಳಗೆ ಕೂಡಿಸುತ್ತಾರೆಂದು ಮಲ್ಲಿಕಾಳಿಗೆ ಹೇಳಿಯೇ ಹೋಗಿದ್ದ. ಕೂಡಿಸಲಿಲ್ಲ. ನಾಲ್ಕು ಸಲ ಕರೆಸಿದರು, ಅವನ ಮೊಬೈಲು, ಕಂಪ್ಯೂಟರು ಇಟ್ಟುಕೊಂಡು ನೋಡಿದರು, ಮೂರು ತಿಂಗಳ ನಂತರ ಹಿಂದಕ್ಕೆ ಕೊಟ್ಟರು.

ಆ ಮೂರು ತಿಂಗಳು ಅವನಿಗೆ ಕೆಲಸವಿರಲಿಲ್ಲ. ಸುದ್ದಿ ಮಾನ್ವಿಗೂ, ಊರಿಗೂ ಹೋಗಿತ್ತು. ಪಕೀರಪ್ಪ ಬಸ್ ಹತ್ತಿ ಬಂದು, ಮಗನ ಎದುರು ಕುಳಿತು, "ನೀ ನೋಡಿಲ್ಲ ಹೌದಲ್ಲೋ?" ಎಂದು ಒಂದೇ ಮಾತು ಕೇಳಿದ. "ಇಲ್ಲ ಯಪ್ಪಾ," ಎಂದ ಹುಲಗಪ್ಪ. ಮುದುಕ ಇನ್ನೇನೂ ಕೇಳದೆ ಸಂಜೆಯ ಬಸ್ಸಿಗೆ ಹೋದ. ನಂಬಿದನೋ ಇಲ್ಲವೋ ಹುಲಗಪ್ಪನಿಗೆ ಇಂದಿಗೂ ತಿಳಿದಿಲ್ಲ.

ಕೆಲಸಕ್ಕೆ ಮೊದಲು ಕರೆದವರು ಸರ್ವರಿ ಬೇಗಂ. ಹುಡುಗಿಯರಲ್ಲಿ ಐದು ಜನ ಬಿಟ್ಟಿದ್ದರು, ಹದಿನೈದು ಜನ ಉಳಿದಿದ್ದರು. ಕ್ಯಾಮೆರಾ ಬೇಡ, ಆದರೆ ಮೊಬೈಲಿನಲ್ಲಿ ಹೊಸ ಹೊಸ ಕಟಿಂಗು ನೋಡಿ ಕಲಿಯಲು ಇಂಟರ್ನೆಟ್ ಬೇಕು, ಅದಕ್ಕೆ ನಿನ್ನ ಮನೆಯಲ್ಲಿರುವಂಥ ಪೆಟ್ಟಿಗೆ ಇಲ್ಲಿಯೂ ಕೂಡಿಸು ಎಂದರು. ಅವನು ಹಳೆಯ ಕಂಪ್ಯೂಟರ್ ಒಂದನ್ನು ಹೊತ್ತು ದೇವದುರ್ಗದ ಬಸ್ ಹತ್ತಿದ. ಈ ಸಲ ಕೇಬಲುಗಳು ತಪ್ಪಲಿಲ್ಲ. ಎಲ್ಲ ಮುಗಿದು ಪಾಸ್‌ವರ್ಡ್ ಹಾಕುವ ಹೊತ್ತಿಗೆ ಸರ್ವರಿ ಬೇಗಂ ಅವನ ಹೆಗಲು ಮುಟ್ಟಿ, "ಏಳು. ಹೊರಗ ಹೋಗು," ಎಂದರು.

ಅವನು ಹೊರಗೆ ಹೋದ. ಒಳಗೆ ಅವರು ಒಂದೊಂದೇ ಅಕ್ಷರ ಹುಡುಕಿ ಒತ್ತುವ ಸಪ್ಪಳ ಬಹಳ ಹೊತ್ತು ಕೇಳಿಸಿತು. ಅಂದಿನಿಂದ ಯಾರ ಮನೆಯ ಪಾಸ್‌ವರ್ಡೂ ಅವನಿಗೆ ಗೊತ್ತಿಲ್ಲ. ಮಲ್ಲಿಕಾ ಹಾಕಿದ ಅವನ ಸ್ವಂತ ಮನೆಯದೂ ಗೊತ್ತಿಲ್ಲ. ದಾಖಲೆಯ ಪುಟ ನೋಡಬೇಕೆನಿಸಿದರೆ ಅವಳನ್ನು ಕೇಳುತ್ತಾನೆ. ಅವಳು ತೆರೆದುಕೊಟ್ಟು ಪಕ್ಕದಲ್ಲೇ ನಿಂತಿರುತ್ತಾಳೆ. ಕೆಂಪು ಸಾಲುಗಳು ಮೊದಲಿನಂತೆಯೇ ಬರುತ್ತಿರುತ್ತವೆ. ಮಗಳು ಶೈಲಶ್ರೀ ಈಗ ನಡೆಯುತ್ತಾಳೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಅವನಿಗೆ ಈಗಲೂ ಮೊದಲು ಅನಿಸುವುದು ಒಂದೇ: ಯಾರ ಮನೆಯದೋ ಚಿತ್ರ ಎಲ್ಲಿಯೋ ಸಿಕ್ಕಿರಬೇಕು.

ಕಳೆದ ತಿಂಗಳು ಪೊಲೀಸರಿಂದ ಕಾಗದ ಬಂತು. ಒಳಬಂದವರು ಯಾರೆಂದು ಪತ್ತೆಯಾಗಿಲ್ಲ, ಸಾಕ್ಷ್ಯ ಸಿಗದ ಕಾರಣ ಪ್ರಕರಣ ಮುಕ್ತಾಯಗೊಳಿಸಲಾಗಿದೆ ಎಂದಿತ್ತು. ಹುಲಗಪ್ಪ ಅದನ್ನು ಸರ್ವರಿ ಬೇಗಂ ಅವರಿಗೆ ಫೋನಿನಲ್ಲಿ ಓದಿ ಹೇಳಿದ. ಅವರು ಪೂರ್ತಿ ಕೇಳಿದರು. ಹಿಂದೆ ಮಷೀನುಗಳ ಸಪ್ಪಳ ಕೇಳುತ್ತಿತ್ತು.

"ಆತು," ಎಂದರು. "ಕರೆಂಟ್ ಹೋದ ಕೂಡ್ಲೆ ಪೆಟ್ಟಿಗಿ ಬಂದ್ ಆಗಾಕತ್ತದ. ಯುಪಿಎಸ್ ಬ್ಯಾಟ್ರಿ ಹೋಗಿರ್ಬೇಕು. ಬೇಸ್ತವಾರ ಬರ್ತೀಯೇನು?"

ಬರುತ್ತೇನೆಂದ.